ಫಾರ್ಮಿನಲ್ಲಿಲ್ಲದ ಎಣ್ಣಿ

ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರೂ ತಾಲೂಕುಗಳ ಗೋಡೆಗಳ ಮೇಲೆ ನನ್ನ ಸಾಹಿತ್ಯ ಪ್ರಕಟವಾಗಿದೆ. ಓದುಗರು ಮಾತ್ರ ಇನ್ನೂ ಸಿಕ್ಕಿಲ್ಲ. ಆರೋಗ್ಯ ಶಿಕ್ಷಣದ ಘೋಷಣೆ ಬರೆಯುವುದು ನನ್ನ ನೌಕರಿ. ಕೊಣ್ಣೂರಿನ ಒಂದು ಗೋಡೆಯಲ್ಲಿ ಪೇಂಟರನಿಗೆ ಕಿಟಕಿ ಅಡ್ಡ ಬಂದು, ‘ಕುದಿಸಿದ ನೀರು ಕುಡಿಯಿರಿ, ಕಾಯಿಲೆಯಿಂದ’ ಎಂಬಲ್ಲಿಗೆ ನನ್ನ ಉಪದೇಶ ನಿಂತುಹೋಗಿದೆ. ಎರಡು ವರ್ಷವಾಯಿತು, ಒಬ್ಬರೂ ತಕರಾರು ಮಾಡಿಲ್ಲ. ಓದಿದ್ದರೆ ತಾನೆ ತಕರಾರು.

ಆಮೇಲೆ ಮನೆ ಸುರಕ್ಷತೆಯ ಸಮೀಕ್ಷೆ ಬಂತು. ಮನೆಮನೆಗೆ ಹೋಗಿ ಒಲೆ, ವೈರು, ವಿಷ ಎಲ್ಲೆಲ್ಲಿವೆ ಎಂದು ಕೇಳಿ ಬುದ್ಧಿ ಹೇಳಬೇಕು. ಫಾರ್ಮಿನ ಕರಡನ್ನು ಓದಲು ಹುಕ್ಕೇರಿಯಲ್ಲಿ ಸಭೆ ಸೇರಿದ್ದೆವು. ಹಳ್ಳಿಗಳಲ್ಲಿ ಓಡಾಡುವ ಒಬ್ಬ ಆರೋಗ್ಯ ಕಾರ್ಯಕರ್ತೆ ಒಂದು ಪ್ರಶ್ನೆಯನ್ನು ಹೀಗೆ ಬರೆದಿದ್ದಳು: ‘ಹೊಲಕ್ಕ ಹೊಡಿಯೂ ಎಣ್ಣಿ ಮನ್ಯಾಗ ಎಲ್ಲಿ ಇಟ್ಟೀರಿ?’ ನಾನು ನಕ್ಕು ಅದನ್ನು ಹೊಡೆದುಹಾಕಿದೆ. ಅಚ್ಚಾಗುವ ಕನ್ನಡಕ್ಕೆ ಒಂದು ಮರ್ಯಾದೆ ಬೇಡವೇ? ‘ಮನೆಯಲ್ಲಿ ವಿಷಕಾರಿ ಪದಾರ್ಥಗಳಿವೆಯೇ?’ ಎಂದು ತಿದ್ದಿದೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಎಣ್ಣೆ ಎಂದರೆ ಮೂಲದಲ್ಲಿ ಎಳ್ಳಿನ ನೆಯ್, ಎಳ್ಳಿನ ತುಪ್ಪ. ಆಮೇಲೆ ಶೇಂಗಾದ್ದೂ ಎಣ್ಣೆಯಾಯಿತು, ಸೀಮೆಯಿಂದ ಬಂದದ್ದೂ ಎಣ್ಣೆಯಾಯಿತು, ಸಂಜೆ ಕುಡಿಯುವುದಕ್ಕೂ ಅದೇ ಹೆಸರು ಬಂತು. ಸಂಸ್ಕೃತದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎಣ್ಣೆಗೂ ಗೆಳೆತನಕ್ಕೂ ಸ್ನೇಹ ಎಂಬ ಒಂದೇ ಪದ ಇಟ್ಟುಕೊಂಡರು. ಇಷ್ಟೆಲ್ಲ ತಿಳಿದಿದ್ದ ನನಗೆ, ನಮ್ಮ ಭಾಗದಲ್ಲಿ ಕೀಟನಾಶಕಕ್ಕೂ ಎಣ್ಣಿ ಎಂದೇ ಅನ್ನುತ್ತಾರೆ ಎಂಬುದೂ ತಿಳಿದಿತ್ತು. ತಿಳಿದೂ ತಿದ್ದಿದೆ.

ಕುಲಗೋಡದಲ್ಲಿ ಸಾವಕ್ಕನ ಮನೆಗೆ ಫಾರ್ಮು ಹಿಡಿದು ನಾನೇ ಹೋಗಿದ್ದೆ. ಮನೆಯಲ್ಲಿ ಗಂಡ, ಅತ್ತೆ ಮತ್ತು ಅವಳು, ಮೂರೇ ಜನ. ವಿಷಕಾರಿ ಪದಾರ್ಥವಿದೆಯೇ ಎಂದು ಕೇಳಿದಾಗ ಅವಳ ಮುಖ ಬಿಗಿಯಿತು.

“ವಿಷ ಇಟ್ಕೊಳ್ಳೂ ಮಂದಿ ಅಲ್ಲರಿ ನಾವು. ಬ್ಯಾರೆ ಮನಿಯಾಗ ಕೇಳ್ರಿ.”

ನಾನು ತಪ್ಪಾಯಿತು ಎಂದು ‘ಇಲ್ಲ’ಕ್ಕೆ ಗುರುತು ಹಾಕಿ, ಅವಳು ಕೊಟ್ಟ ಚಹಾ ಕುಡಿದು ಬಂದೆ. ಬದನೆಗೆ ಹೊಡೆದು ಉಳಿದ ಎಣ್ಣಿಯನ್ನು ಅವಳ ಗಂಡ ತಲೆಗೆ ಹಚ್ಚುವ ಎಣ್ಣೆಯ ಖಾಲಿ ಬಾಟಲಿಗೆ ಸುರಿದು, ನಾನು ಕೂತಿದ್ದ ಕಟ್ಟೆಯ ಮೇಲಿನ ಗೂಡಿನಲ್ಲಿಯೇ ಇಟ್ಟಿದ್ದ. ಇದನ್ನು ಅವಳಿಗೆ ಹೇಳಿದ್ದನೋ ಇಲ್ಲವೋ, ಅವನಿಗೇ ಈಗ ನೆನಪಿಲ್ಲ.

ಹದಿನೈದು ದಿನದ ನಂತರ ಮೈಕೈ ನೋವೆಂದು ಅತ್ತೆ ಎಣ್ಣಿ ಕೇಳಿದಳು. ಸಾವಕ್ಕ ಗೂಡಿನಿಂದ ಬಾಟಲಿ ತೆಗೆದುಕೊಟ್ಟಳು. ನೆಗಡಿಯಾಗಿದ್ದ ಮುದುಕಿಗೆ ವಾಸನೆ ತಿಳಿಯಲಿಲ್ಲ. ತಲೆಗೆ, ಕಾಲಿಗೆ ಚೆನ್ನಾಗಿ ತಿಕ್ಕಿಕೊಂಡು ಬಿಸಿಲಿಗೆ ಕೂತಳು. ವಾಂತಿ ಶುರುವಾದ ಮೇಲೆ ಗೋಕಾಕಿಗೆ ಒಯ್ದರು. ಮೂರನೆಯ ದಿನ ತೀರಿಕೊಂಡಳು.

ಮಾತಾಡಿಸಲು ಹೋದಾಗ ಸಾವಕ್ಕ ಕಟ್ಟೆಯ ಮೇಲೆ ಚಾಪೆ ಹಾಸಿಕೊಟ್ಟಳು. ಆಮೇಲೆ ಸಿಟ್ಟಿಲ್ಲದೆ ಹೇಳಿದಳು:

“ನೀವು ಎಣ್ಣಿ ಎಲ್ಲೈತಿ ಅಂತ ಕೇಳಿದ್ರ, ನಮ್ಮ ಮನಿಯವರನ್ನ ಕರದು ಹುಡಕಸ್ತಿದ್ನಿರಿ. ನೀವು ವಿಷ ಕೇಳಿದ್ರಿ.”

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಓಣಿಯ ಜನ ಸುಳ್ಳು ಹೇಳಲಿಲ್ಲ. ‘ಸೊಸಿ ಅತ್ತಿಗೆ ಎಣ್ಣಿ ಕೊಟ್ಟಳಂತ’ ಎಂದಷ್ಟೇ ಹೇಳಿದರು. ಈ ಸೀಮೆಯಲ್ಲಿ ಆ ಮಾತಿಗೆ ವಿವರಣೆ ಬೇಕಿಲ್ಲ, ವಿಷ ಹಾಕಿದಳು ಎಂದೇ ಅರ್ಥ. ಪೊಲೀಸರು ಆಕಸ್ಮಿಕವೆಂದು ಬರೆದುಕೊಂಡು ಹೋದರು. ಅವರ ಕಾಗದವನ್ನು ಓದುವವರು ನನ್ನ ಗೋಡೆಗಳನ್ನು ಓದುವಷ್ಟೇ ಜನ.

ಆ ಕಾರ್ಯಕರ್ತೆಯ ಪ್ರಶ್ನೆಯನ್ನೇ ಮರಳಿ ಹಾಕಿ ಎಂದು ನಾನು ಅರ್ಜಿ ಬರೆದೆ. ಮೇಲಿನವರು ಒಪ್ಪಿದರು. ಆದರೆ ಎಣ್ಣಿ ಗ್ರಾಮ್ಯವೆಂದು, ‘ಹೊಲಕ್ಕ ಹೊಡಿಯೂ’ ಅನಗತ್ಯವೆಂದು ನನ್ನಂಥವನೇ ಯಾರೋ ತಿದ್ದಿದ. ಹೊಸ ಫಾರ್ಮು ‘ಮನೆಯಲ್ಲಿ ತೈಲವನ್ನು ಎಲ್ಲಿ ಇಟ್ಟಿದ್ದೀರಿ?’ ಎಂದು ಅಚ್ಚಾಗಿ ಬಂತು. ಜನ ‘ಅಡಗಿ ಮನ್ಯಾಗ’ ಎಂದು ಪ್ರಾಮಾಣಿಕವಾಗಿ ಉತ್ತರಿಸುತ್ತಿದ್ದಾರೆ. ನನಗೆ ಈಗ ನಗಲೂ ಆಗುವುದಿಲ್ಲ.

ಹೋದ ತಿಂಗಳು ಕುಲಗೋಡದ ಬಸ್‌ಸ್ಟ್ಯಾಂಡಿನ ಬಾಜೂ ಕಿರಾಣಿ ಅಂಗಡಿಯಲ್ಲಿ ಸಾವಕ್ಕ ಕಂಡಳು. ಸಕ್ಕರೆ ಕೇಳಿದಳು, ಚಹಾಪುಡಿ ಕೇಳಿದಳು. ಆಮೇಲೆ ಮಾತು ನಿಲ್ಲಿಸಿ, ಮೇಲೆ ತೂಗುಬಿಟ್ಟಿದ್ದ, ಶೇಂಗಾದ ಚಿತ್ರವಿದ್ದ ಹಳದಿ ಪಾಕೀಟುಗಳ ಕಡೆಗೆ ಬೆರಳು ತೋರಿಸಿದಳು. ಅಂಗಡಿಯವನು ಹೊಸಬ.

“ಏನ್ ಬೇಕವಾ, ಬಾಯಿಬಿಟ್ಟು ಹೇಳು.”

ಅಂಗಡಿಯಲ್ಲಿ ಇನ್ನೂ ನಾಲ್ಕು ಜನರಿದ್ದರು. ಅವಳು ಬೆರಳು ಇಳಿಸಿ, ಸಕ್ಕರೆ ಚಹಾಪುಡಿ ಅಷ್ಟೇ ಚೀಲಕ್ಕೆ ಹಾಕಿಕೊಂಡು ಹೊರಟಳು. ಆ ಪದ ನನಗೆ ಬರುತ್ತಿತ್ತು, ಅವಳ ಪರವಾಗಿ ಹೇಳಬಹುದಿತ್ತು. ನಾನೂ ಹೇಳಲಿಲ್ಲ. ಅವತ್ತು ಅವಳ ಮನೆಯಲ್ಲಿ ಒಗ್ಗರಣೆ ಇಲ್ಲದ ಸಾರು ಮಾಡಿರಬೇಕು.