ಎಂಟು ಬೆರಳಿನ ರಾಗಗಳು

ಮೂವತ್ತೆಂಟು ವರ್ಷಗಳ ಪಾಲನಾ ಸೇವೆಯಲ್ಲಿ ಇಪ್ಪತ್ತಾರನ್ನು ನಮ್ಮ ಸಭೆಯೊಂದಕ್ಕೇ ಮೀಸಲಿಟ್ಟು, ಈ ತಿಂಗಳ ಕೊನೆಯ ಭಾನುವಾರ ನಿವೃತ್ತರಾಗುತ್ತಿರುವ ನಮ್ಮ ಸಭಾಪಾಲಕರನ್ನು ಕುರಿತು ಈ ಅಭಿನಂದನ ಗ್ರಂಥದಲ್ಲಿ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಅವರ ವಿದ್ವತ್ತನ್ನು ಪ್ರಾಧ್ಯಾಪಕರು ತೂಗಿದ್ದಾರೆ, ಆಡಳಿತವನ್ನು ಹಿರಿಯರು ಮೆಚ್ಚಿದ್ದಾರೆ. ನಾನು ವೃತ್ತಿಯಿಂದ ಬಡಗಿ. ಭಾನುವಾರಗಳಲ್ಲಿ ನಮ್ಮ ಆರಾಧನಾ ಮಂದಿರದ ಹಳೆಯ ಆರ್ಗನ್ನನ್ನು ಕಾಲಿನಿಂದ ತುಳಿಯುತ್ತ ನುಡಿಸುವವನು. ನನಗೆ ಸಂಪಾದಕರು ವಹಿಸಿದ ವಿಷಯ, ನಾವೆಲ್ಲ ಅಯ್ಯನವರೆಂದೇ ಕರೆಯುವ ಆ ಪಾಲಕರ ಸಂಗೀತಸೇವೆ. ಐದು ಪುಟ ಮೀರಬಾರದೆಂದು ಎಚ್ಚರಿಸಿಯೂ ಇದ್ದಾರೆ. ಅಯ್ಯನವರು ಪೀಠದಿಂದ ಮಾಡುವ ಪ್ರಸಂಗಗಳಿಗೂ ಯಾರಾದರೂ ಇಂಥದೊಂದು ಎಚ್ಚರಿಕೆ ಕೊಟ್ಟಿದ್ದರೆ ಎಷ್ಟೋ ಮನೆಗಳ ಭಾನುವಾರದ ಊಟ ಆರಿ ತಣ್ಣಗಾಗುತ್ತಿರಲಿಲ್ಲ.

ಹಾಡಬಲ್ಲ ಸಭಾಪಾಲಕರು ಅನೇಕರಿದ್ದಾರೆ, ಹಾಡಿಸಬಲ್ಲವರು ವಿರಳ. ಅಯ್ಯನವರು ಆ ವಿರಳರಲ್ಲಿ ಒಬ್ಬರೆಂದು ನಾನು ಮುಲಾಜಿಲ್ಲದೆ ಹೇಳುತ್ತೇನೆ. ಅವರು ಬಂದಾಗ ನಮ್ಮಲ್ಲಿ ಹಾಡುವುದು ಗಾಯಕ ಮೇಳದವರ ಕೆಲಸ, ಮಿಕ್ಕವರದು ಪುಸ್ತಕ ಹಿಡಿದು ನಿಲ್ಲುವ ಕೆಲಸ ಎಂಬಂತಾಗಿತ್ತು. ಅವರು ಗದರಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಪ್ರತಿ ಆರಾಧನೆಯ ಆರಂಭದಲ್ಲಿ ಜೇಬಿನಿಂದ ಶ್ರುತಿಕವೆಯನ್ನು, ಅಂದರೆ ತಟ್ಟಿದರೆ ಒಂದೇ ಒಂದು ಸ್ವರ ಹೊರಡಿಸುವ ಎರಡು ಕಾಲಿನ ಆ ಉಕ್ಕಿನ ಸಾಧನವನ್ನು, ತೆಗೆದು ಪ್ರಸಂಗಪೀಠದ ಅಂಚಿಗೆ ತಟ್ಟುವರು. ಕಿವಿಯ ಬಳಿ ಹಿಡಿದು ಮೊದಲ ಹಾಡಿನ ಮೊದಲ ಸ್ವರವನ್ನು ತಾವೇ ಗುನುಗುವರು. ಆಮೇಲೆ ಎಲ್ಲಕ್ಕಿಂತ ಹಿಂದಿನ ಬೆಂಚಿನತ್ತ ನೋಡುತ್ತ ನಿಲ್ಲುವರು. ಹಿಂದಿನ ಬೆಂಚಿನವರು ಬಾಯಿ ತೆರೆಯುವವರೆಗೆ ಆ ನೋಟ ಕದಲುತ್ತಿರಲಿಲ್ಲ. ಒಂದು ವರ್ಷದಲ್ಲಿ ಹಿಂದಿನ ಬೆಂಚೇ ಎಲ್ಲರಿಗಿಂತ ಜೋರಾಗಿ ಹಾಡತೊಡಗಿತು, ಶ್ರುತಿಯ ಮಾತು ಬೇರೆ.

ಮನೆ ಭೇಟಿಗೆಂದು ಅವರ ಬಳಿ ಉದ್ದನೆಯ ಪುಸ್ತಕವೊಂದಿತ್ತು. ಯಾವ ವಾರ ಯಾರ ಮನೆ, ಆ ಮನೆಯಲ್ಲಿ ಯಾರಿಗೆ ಕಾಯಿಲೆ, ಯಾರಿಗೆ ಪರೀಕ್ಷೆ, ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ ಎಲ್ಲವೂ ಅದರಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ತುಂಬಿರುತ್ತಿತ್ತು. ಈ ಓಡಾಟದಲ್ಲಿ ಅವರ ಸ್ವಂತ ಮನೆಯ ಪಾಡೇನೆಂಬುದನ್ನು ಅಮ್ಮನವರೇ, ಅಂದರೆ ಅವರ ಪತ್ನಿಯವರೇ, ಒಂದು ದಿನ ನಮ್ಮೆದುರೇ ಕೇಳಿದರು: "ಎಲ್ಲರ ಮನೆಗೂ ಹೋಗ್ತೀರಲ್ಲ, ನಮ್ಮ ಮನೆ ಯಾವ ವಾರ?" ಅಯ್ಯನವರು ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು. ಮುಂದಿನ ಶುಕ್ರವಾರ ಸಂಜೆ ನಾಲ್ಕಕ್ಕೆ ತಮ್ಮ ಮನೆಯ ಮುಂಬಾಗಿಲನ್ನು ತಾವೇ ತಟ್ಟಿ, ಪುಸ್ತಕ ಹಿಡಿದು, "ಎಲ್ಲರೂ ಚೆನ್ನಾಗಿದೀರಾ?" ಎಂದು ಕೇಳಿದರಂತೆ. ಅಮ್ಮನವರು ನಗಲಿಲ್ಲ, ಕುರ್ಚಿ ಹಾಕಿ ಕೂರಿಸಿ, ಒಂದು ಗಂಟೆ ಕಾಲ ಮನೆಯ ಕಷ್ಟಸುಖಗಳನ್ನೆಲ್ಲ ಸವಿಸ್ತಾರವಾಗಿ ಒಪ್ಪಿಸಿದರಂತೆ. ಅಂದಿನಿಂದ ಶುಕ್ರವಾರದ ನಾಲ್ಕು ಗಂಟೆ ಆ ಮನೆಗೇ ಮೀಸಲಾಯಿತು.

ಆ ಮನೆಯಲ್ಲಿ ಸಂಗೀತಕ್ಕೆಂದು ಬೇರೆ ಕೋಣೆಯಿರಲಿಲ್ಲ. ರಾತ್ರಿಯ ಊಟದ ಪಾತ್ರೆಗಳನ್ನು ಅಮ್ಮನವರು ತೊಳೆಯುವಾಗ ಹೆಂಗಸರ ಕೆಳದನಿಯಾದ ಆಲ್ಟೋ, ಅಯ್ಯನವರು ಒರೆಸುವಾಗ ಗಂಡಸರ ಮಂದ್ರದನಿಯಾದ ಬಾಸ್, ಮಗಳು ಕಪಾಟಿಗೆ ಸೇರಿಸುವಾಗ ಮೇಲಿನ ರಾಗ. ಪಾತ್ರೆಗಳನ್ನು ಹಾಡದೆಯೂ ತೊಳೆಯಬಹುದೆಂದು ತನಗೆ ತಿಳಿದದ್ದು ಗೆಳತಿಯೊಬ್ಬಳ ಮನೆಗೆ ಹೋದಾಗಲೇ ಎಂದು ಮಗಳು ಈಗಲೂ ಹೇಳುತ್ತಾಳೆ.

ಇನ್ನು ನನ್ನ ಮಾತಿಗೆ ಬರುತ್ತೇನೆ. ಅಯ್ಯನವರು ಬಂದ ಆರನೆಯ ವರ್ಷ, ಕಾರ್ಖಾನೆಯಲ್ಲಿ ಬಾಗಿಲಿನ ಚೌಕಟ್ಟೊಂದಕ್ಕೆ ಮರ ಸೀಳುವಾಗ, ಯಂತ್ರದ ಗರಗಸ ನನ್ನ ಬಲಗೈಯ ಕೊನೆಯ ಎರಡು ಬೆರಳುಗಳನ್ನು ತೆಗೆದುಕೊಂಡಿತು. ತಪ್ಪು ಯಾರದೂ ಅಲ್ಲ, ನನ್ನದೇ. ಬಡಗಿಗೆ ಮೂರು ಬೆರಳಿನ ಬಲಗೈಯಿಂದ ಬದುಕಲು ಸಾಧ್ಯ. ಸುತ್ತಿಗೆ ಹಿಡಿಯಲು ಅಷ್ಟು ಸಾಕು. ಆರ್ಗನ್ನಿಗೆ ಸಾಲದು. ನಮ್ಮ ರಾಗಗಳಿಗೆ ನಾಲ್ಕು ಎಳೆಗಳು: ಸಭೆಯೆಲ್ಲ ಹಾಡುವ ಮೇಲಿನ ಎಳೆ, ಅದರ ಕೆಳಗೆ ಆಲ್ಟೋ, ಆಮೇಲೆ ಗಂಡಸರ ಎರಡು ಎಳೆ. ಮೇಲಿನೆರಡನ್ನೂ ಬಲಗೈಯೇ ನುಡಿಸಬೇಕು, ಅದರಲ್ಲೂ ಮುಖ್ಯವಾದ ಮೇಲಿನ ಎಳೆಯನ್ನು ಆ ಕಿರುಬೆರಳೇ ಹೊರಬೇಕು. ಹನ್ನೆರಡನೆಯ ವಯಸ್ಸಿನಿಂದ ನಾನು ಕೂತ ಸ್ಟೂಲು ಅದು. ನಾಲ್ಕು ಜನರ ಮುಂದೆ ನಾನೂ ಒಬ್ಬ ಮನುಷ್ಯನೆಂದು ಅನ್ನಿಸಿದ್ದು ಆ ಸ್ಟೂಲಿನ ಮೇಲೆಯೇ. ಆಸ್ಪತ್ರೆಯಿಂದ ಬಂದ ವಾರವೇ ಆರ್ಗನ್ನಿನ ಬೀಗದ ಕೈಯನ್ನು ಕಾಗದದಲ್ಲಿ ಸುತ್ತಿ ಅಯ್ಯನವರಿಗೆ ಕಳಿಸಿಬಿಟ್ಟೆ.

ಮರುದಿನ ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಅವರು ಕಾರ್ಖಾನೆಗೆ ಬಂದರು. ನನ್ನ ಗರಗಸಗಳನ್ನು ತೂಗುಹಾಕುವ ಮೊಳೆಗೆ ಆ ಕೀಲಿಕೈಯನ್ನು ಸಿಕ್ಕಿಸಿ, ಮರದ ಹೊಟ್ಟನ್ನು ಸರಿಸಿ, ಹಲಗೆಗಳ ರಾಶಿಯ ಮೇಲೆ ಕುಳಿತು, ನನ್ನ ಕಿವಿಯ ಮೇಲಿದ್ದ ಚಪ್ಪಟೆ ಪೆನ್ಸಿಲನ್ನು ಕೇಳಿ ಪಡೆದು, ರಾಗದ ಪುಸ್ತಕ ಬಿಚ್ಚಿ ಬರೆಯತೊಡಗಿದರು. ನನಗೆ ಸಿಟ್ಟೇ ಬಂತು.

"ಸುಮ್ನೆ ಯಾಕೆ ಕಷ್ಟಪಡ್ತೀರಾ ಅಯ್ಯನವರೇ? ಬೆರಳು ಮತ್ತೆ ಚಿಗುರಲ್ಲ."

"ಚಿಗುರಲ್ಲ ಅಂತ ನಂಗೂ ಗೊತ್ತು ಮೇಸ್ತ್ರಿ. ಹಲಗೆ ಉದ್ದ ಆದ್ರೆ ನೀವೇನ್ ಮಾಡ್ತೀರಾ, ಗೋಡೆ ಒಡೀತೀರಾ? ಹಲಗೆ ಕುಯ್ಯಲ್ವಾ? ನಾನೂ ರಾಗ ಕುಯ್ತಾ ಇದೀನಿ."

ಹೀಗೆ ಹನ್ನೊಂದು ತಿಂಗಳು. ವಾರಕ್ಕೆ ಮೂರು ಮಧ್ಯಾಹ್ನ, ಸಾವು, ಮದುವೆ, ಸಮಿತಿ ಸಭೆ ಯಾವುದಿದ್ದರೂ ತಪ್ಪಿಸದೆ ಬಂದರು. ಆಲ್ಟೋವನ್ನು ಸುಮ್ಮನೆ ಕೈಬಿಟ್ಟರೆ ರಾಗ ಟೊಳ್ಳಾಗುತ್ತದೆ. ಆದ್ದರಿಂದ ಅದರ ಸ್ವಲ್ಪ ಭಾಗವನ್ನು ಎಡಗೈಗೆ ಹೊರಿಸಿ, ಮೇಲಿನ ಎಳೆಯನ್ನು ನಡುಬೆರಳಿಗೆ ಒಪ್ಪಿಸಿ, ಎಲ್ಲಿ ಯಾವ ಬೆರಳು ಯಾವುದರ ಮೇಲೆ ದಾಟಬೇಕೆಂದು ಅಂಕಿ ಹಾಕಿ, ನೂರ ನಲವತ್ತು ರಾಗಗಳನ್ನು ಎಂಟು ಬೆರಳಿಗೆ ಒಗ್ಗಿಸಿ ಬರೆದರು. ಬಡಗಿಯ ದಪ್ಪ ಪೆನ್ಸಿಲಿನಲ್ಲಿ ಅವರ ಆ ಇರುವೆ ಅಕ್ಷರ ಹೇಗಿತ್ತೆಂದು ಓದುಗರೇ ಊಹಿಸಿಕೊಳ್ಳಲಿ. ಆಗ ಹನ್ನೆರಡು ವರ್ಷದವಳಾಗಿದ್ದ ಮಗಳು, ಊಟದ ಮೇಜಿನ ಮುಂದೆ ಕುಳಿತು ಎಲ್ಲವನ್ನೂ ಶಾಯಿಯಲ್ಲಿ ಶುದ್ಧಪ್ರತಿ ಮಾಡಿಕೊಟ್ಟಳು. ಎಡಗೈಗೆ ದಕ್ಕದೆ ಉಳಿದ ಆಲ್ಟೋ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಬಂದಾಗ ಅಮ್ಮನವರು, "ನಾನು ಮುಂದಿನ ಬೆಂಚಲ್ಲೇ ಕೂತು ಹಾಡ್ತೀನಿ. ನಿಮ್ಮ ಆ ಎರಡು ಬೆರಳು ನಾನೇ ಅಂದ್ಕೊಳ್ಳಿ" ಎಂದರು. ಆ ಮಾತು ಕೇಳಿ ನಾನು ಕಾರ್ಖಾನೆಯ ಹಿಂದೆ ಹೋಗಿ ಅತ್ತೆ. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಈ ನಡುವೆ ಸಮಿತಿಯ ತಾಳ್ಮೆ ಸವೆಯುತ್ತಿತ್ತು. ಕಾರ್ಯದರ್ಶಿಗಳು ಕೆಟ್ಟವರಲ್ಲ, ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಬ್ಯಾಂಕಿನ ಗುಮಾಸ್ತರೊಬ್ಬರು ಚೆನ್ನಾಗಿ ಕೀಬೋರ್ಡ್ ನುಡಿಸುತ್ತಾರೆ, ಬರಲು ಸಿದ್ಧರಿದ್ದಾರೆ, ಇನ್ನೆಷ್ಟು ದಿನ ಬರಿಗಂಟಲಲ್ಲಿ ಆರಾಧನೆ ನಡೆಸುವುದು? ಅಯ್ಯನವರು ಎದ್ದು ನಿಂತು, "ಆ ಸ್ಟೂಲು ಖಾಲಿ ಇಲ್ಲ. ಕೂರೋರು ಬರೋದು ಸ್ವಲ್ಪ ತಡ, ಅಷ್ಟೆ" ಎಂದು ಕುಳಿತರಂತೆ. ಅವರ ಸೇವಾವಧಿಯಲ್ಲೇ ಅತ್ಯಂತ ಚಿಕ್ಕ ಭಾಷಣ ಅದೆಂದು ಕಾರ್ಯದರ್ಶಿಗಳೇ ಆಮೇಲೆ ನನಗೆ ಹೇಳಿದರು.

ನಾನು ಮರಳುವ ಭಾನುವಾರವೂ ಗೊತ್ತಾಯಿತು. ಆದರೆ ಅದಕ್ಕೆ ಮೂರು ದಿನ ಮುಂಚೆ, ಗುರುವಾರ, ಆಸ್ಪತ್ರೆಯಲ್ಲಿ ನನ್ನ ಕೈಗೆ ದಿನವೂ ಕಟ್ಟು ಕಟ್ಟುತ್ತಿದ್ದ ನಮ್ಮ ಸಭೆಯ ನರ್ಸಮ್ಮ ತೀರಿಕೊಂಡರು. "ನನ್ನ ಸಾವಿಗೆ ನೀನೇ ನುಡಿಸ್ಬೇಕು. ಕಟ್ಟಿದ್ದು ಪುಕ್ಕಟೆ ಅಲ್ಲ" ಎಂದು ಅವರು ಅಂದದ್ದು ಎಲ್ಲರಿಗೂ ಗೊತ್ತಿತ್ತು. ಪೆಟ್ಟಿಗೆ ಮುಂದಿದೆ, ಮಂದಿರ ತುಂಬಿದೆ, ನಾನು ಸ್ಟೂಲಿನ ಮೇಲಿದ್ದೇನೆ. ನಮ್ಮ ಹಾಡುಗಳಲ್ಲಿ ಒಂದು ವಿಶೇಷವಿದೆ: ಸಾಲಿನ ಅಳತೆ ಹೊಂದಿದರೆ ಒಂದು ಹಾಡನ್ನು ಇನ್ನೊಂದರ ರಾಗದಲ್ಲಿಯೂ ಹಾಡಬಹುದು. ಅವಸರದಲ್ಲಿ ನಾನು ಎಳೆದದ್ದು ಅದೇ ಅಳತೆಯ ಬೇರೆ ಹಾಳೆ. ವಧು ಒಳಗೆ ಬರುವಾಗ ನಾವು ನುಡಿಸುತ್ತಿದ್ದ ರಾಗದ ಹಾಳೆ. ಒಂದು ಸಾಲು ಮುಗಿಯುವ ಹೊತ್ತಿಗೆ ನನಗೇ ತಿಳಿಯಿತು. ಮಂದಿರದಲ್ಲಿ ಯಾರೂ ಬಾಯಿ ಬಿಡಲಿಲ್ಲ. ಕಾರ್ಯದರ್ಶಿಗಳು ತಲೆ ತಗ್ಗಿಸಿದರು. ಕೈ ಎತ್ತಿಬಿಡೋಣ, ಇನ್ನೆಂದೂ ಈ ಕಡೆ ತಿರುಗಿ ನೋಡದಿರೋಣ ಎಂದುಕೊಂಡೆ.

ಅಷ್ಟರಲ್ಲಿ ಪೆಟ್ಟಿಗೆಯ ತಲೆಯ ಬಳಿ ನಿಂತಿದ್ದ ಅಯ್ಯನವರು ಅದೇ ರಾಗದಲ್ಲಿ, ನಿಧಾನವಾಗಿ, ಸಾವಿನ ಹಾಡಿನ ಮಾತುಗಳನ್ನು ಎತ್ತಿಕೊಂಡರು. ಅಮ್ಮನವರ ಆಲ್ಟೋ ಸೇರಿತು. ಆಮೇಲೆ ಆ ಹಿಂದಿನ ಬೆಂಚು. ಐದು ಚರಣಗಳನ್ನೂ ಮದುವೆಯ ರಾಗದಲ್ಲೇ ಹಾಡಿ ನರ್ಸಮ್ಮನನ್ನು ಕಳಿಸಿಕೊಟ್ಟೆವು. ಸಮಾಧಿಯಿಂದ ಮರಳುವಾಗ ಕ್ಷಮೆ ಕೇಳಲು ಹೋದರೆ, ಬಸ್ ಚಾಲಕರಾಗಿದ್ದ ನರ್ಸಮ್ಮನ ಮಗ ನನ್ನ ಆ ಕೈಯನ್ನೇ ಹಿಡಿದು, "ಅಮ್ಮಂಗೆ ಅಳುಮುಂಜಿ ರಾಗ ಯಾವತ್ತೂ ಹಿಡಿಸ್ತಿರ್ಲಿಲ್ಲ ಮೇಸ್ತ್ರಿ. ಇದೇ ಸರಿ" ಎಂದರು. ಇಂದಿಗೂ ನಮ್ಮ ಸಭೆಯಲ್ಲಿ ಆ ಹಾಡಿಗೆ ಆ ರಾಗವೇ ನಿಂತಿದೆ. ವಧುಗಳಿಗೆ ಬೇರೆ ರಾಗ ಹುಡುಕುವುದು ನನ್ನ ಪಾಲಿನ ತಲೆನೋವಾಗಿದೆ.

ಅಲ್ಲಿಂದ ಇಪ್ಪತ್ತು ವರ್ಷ ಆ ಸ್ಟೂಲಿನಿಂದ ನಾನು ಎದ್ದಿಲ್ಲ. ಅಲ್ಲಿ ಕೂತವನಿಗೆ ಸಭೆಯ ಎಲ್ಲ ಗಂಟಲುಗಳೂ ಪರಿಚಿತ. ಮೂರು ವರ್ಷಗಳ ಹಿಂದೆ, ಮೇಲಿನ ಸ್ವರಗಳು ಬಂದಾಗಲೆಲ್ಲ ಅಯ್ಯನವರು ಸುಮ್ಮನಾಗಿ ಪುಸ್ತಕದ ಹಾಳೆ ತಿರುವುವುದನ್ನು ಗಮನಿಸಿದೆ. ಹಾಡಿಸಲು ಹಿಂದಿನ ಬೆಂಚನ್ನು ನೋಡುತ್ತಿದ್ದ ಕಣ್ಣು ನೆಲ ನೋಡುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ. ಕಾರ್ಖಾನೆಯ ಮಧ್ಯಾಹ್ನದ ಬಿಡುವಿನಲ್ಲಿ, ಅದೇ ಚಪ್ಪಟೆ ಪೆನ್ಸಿಲಿನಲ್ಲಿ, ಮುಂದಿನ ಭಾನುವಾರದ ನಾಲ್ಕು ರಾಗಗಳನ್ನು ಅರ್ಧ ಸ್ವರ ಕೆಳಗಿಳಿಸಿ ಬರೆದು ನುಡಿಸಿದೆ. ಅವರು ಕೊನೆಯವರೆಗೂ ಹಾಡಿದರು. ಅದರ ಮುಂದಿನ ವಾರ ಇನ್ನೂ ನಾಲ್ಕು. ವರ್ಷ ಕಳೆದ ಮೇಲೆ ಇನ್ನೊಂದು ಅರ್ಧ ಸ್ವರ. ಶ್ರುತಿಕವೆ ತಟ್ಟಿ ನೋಡಿದರೆ ನನ್ನ ಕಳ್ಳತನ ಆ ಕ್ಷಣವೇ ಬಯಲಾಗುವುದೆಂದು ಹೆದರಿದ್ದೆ. ಆದರೆ ಅದು ಆಗಿನಿಂದ ಅವರ ಜೇಬಿನಿಂದ ಹೊರಬರುವುದೇ ನಿಂತಿತ್ತು. ಎಲ್ಲೋ ಕಳೆದಿರಬೇಕು, ನನ್ನ ಅದೃಷ್ಟ ಎಂದುಕೊಂಡೆ.

ಈ ಲೇಖನಕ್ಕಾಗಿ ಇಸವಿಗಳನ್ನು ಸರಿನೋಡಲು ಕಳೆದ ವಾರ ಅವರ ಮನೆಗೆ ಹೋದೆ. ಅಯ್ಯನವರು ಒಳಕೋಣೆಯಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ಅಮ್ಮನವರು ಮೇಜಿನ ಖಾನೆಯಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಬಿಚ್ಚಿದರು. ಒಳಗೆ ಆ ಶ್ರುತಿಕವೆ ಇತ್ತು.

"ಮೂರು ವರ್ಷದಿಂದ ಇಲ್ಲೇ ಇದೆ," ಎಂದರು. "ನೀವು ಮೊದಲ್ನೇ ಸಲ ಇಳಿಸಿದ ಭಾನುವಾರ ಮನೆಗೆ ಬಂದೋರೇ ಜೇಬಿಂದ ತೆಗ್ದು ಒಳಗಿಟ್ಟುಬಿಟ್ರು. ಮೇಸ್ತ್ರಿ ಅಷ್ಟು ಕಷ್ಟಪಟ್ಟು ಬರ್ದಿದಾರೆ, ನಾನು ತಟ್ಟಿ ನೋಡಿದ್ರೆ ಅವ್ರಿಗೆ ಮುಜುಗರ ಆಗುತ್ತೆ ಅಂದ್ರು."

ಒಳಕೋಣೆಯಿಂದ ಧ್ವನಿ ಬಂತು: "ಅದನ್ನ ಅವ್ರಿಗೆ ತೋರಿಸ್ಬೇಡ ಅಂತ ಹೇಳಿದ್ನಲ್ಲಾ!"

ಆ ಶ್ರುತಿಕವೆಯನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿ ಕೊಟ್ಟೆ. ಇಸವಿ ಕೇಳುವುದನ್ನೂ ಮರೆತು ಮನೆಗೆ ಬಂದೆ; ಈ ಲೇಖನದಲ್ಲಿ ಇಸವಿಗಳಿಲ್ಲದಿರುವುದಕ್ಕೆ ಕಾರಣ ಅದೇ, ಸಂಪಾದಕರು ಮನ್ನಿಸಬೇಕು.

ನಿವೃತ್ತಿಯ ನಂತರದ ವಾಸಕ್ಕೆಂದು ಅಯ್ಯನವರು ಎರಡು ಬೀದಿ ಆಚೆ ಮನೆ ಮಾಡಿದ್ದಾರೆ. ಭಾನುವಾರ ತಾವು ಕೂರುವುದು ಹಿಂದಿನ ಬೆಂಚಿನಲ್ಲಿ ಎಂದು ಈಗಾಗಲೇ ಘೋಷಿಸಿದ್ದಾರೆ. ಹೊಸ ಪಾಲಕರು ಎಳೆಯರು, ಅವರದು ಎತ್ತರದ ಗಂಟಲು. ರಾಗಗಳನ್ನು ಮೊದಲಿದ್ದಲ್ಲಿಗೇ ಏರಿಸಬೇಕೆಂದು ಅವರು ಕೇಳಬಹುದು. ಕೇಳಲಿ. ಹಿಂದಿನ ಬೆಂಚಿನ ಗಂಟಲಿಗೆ ಅಷ್ಟು ಎತ್ತರ ಎಟುಕದು ಎಂಬ ಉತ್ತರ ಸಿದ್ಧವಾಗಿದೆ, ಇನ್ನೂ ಕೆಳಗಿಳಿಸಿದ ಹಾಳೆಗಳೂ ಸಿದ್ಧವಾಗಿವೆ. ದೇವರು ನಮ್ಮ ಅಯ್ಯನವರಿಗೂ ಅಮ್ಮನವರಿಗೂ ದೀರ್ಘಾಯುಸ್ಸು ಕೊಡಲಿ, ಶುಕ್ರವಾರದ ನಾಲ್ಕು ಗಂಟೆಯ ಭೇಟಿ ತಪ್ಪದೆ ನಡೆಯಲಿ, ಅಯ್ಯನವರ ಧ್ವನಿ ತನಗೆ ಬೇಕಾದಷ್ಟು ಕೆಳಗೆ ಬರಲಿ. ನಮ್ಮ ಆರ್ಗನ್ನಿನ ಎಡಗಡೆಗೆ ಕೆಳಸ್ವರದ ಕೀಲಿಗಳು ಇನ್ನೂ ಬಹಳ ಇವೆ. ನನ್ನ ಎಡಗೈಯ ಐದು ಬೆರಳೂ ನೆಟ್ಟಗಿವೆ.