ಅಂಗಾಲಿನ ಗಾಯಕ್ಕೊಂದು ಸಹಿ

ಅಮೆರಿಕದ ಫೋರ್ಟ್ ಮಿಲ್ ಊರಿನ ಡಾಕ್ಟರ್ ರಾಜಲಕ್ಷ್ಮಿಯವರಿಗೆ ಮೈಸೂರಿನಲ್ಲಿ ಓದುವಾಗ ಹತ್ತಿದ ಚಾಳಿಯೊಂದಿತ್ತು. ಪೆಟ್ಟು ತಿಂದವರು ಯಾರೇ ಬರಲಿ, ಗಾಯದ ಸರ್ಟಿಫಿಕೇಟು ಬರೆದು ನಕಲನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಇಟ್ಟುಕೊಳ್ಳುವುದು. ನಾಳೆ ಕೋರ್ಟು ಕರೆದರೆ ಡಾಕ್ಟರೇ ಉತ್ತರ ಹೇಳಬೇಕೆಂದು ಮೇಷ್ಟರು ಕಲಿಸಿದ್ದರು. ಅಮೆರಿಕದಲ್ಲಿ ಅದನ್ನು ಯಾರೂ ಕೇಳಲಿಲ್ಲ. ಇವರು ಬಿಡಲೂ ಇಲ್ಲ.

೧೯೭೦ರ ವಸಂತದಲ್ಲಿ ಕಪ್ಪು ವಿದ್ಯಾರ್ಥಿಗಳ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ಸತ್ತರು. ಗಾಯಗೊಂಡ ಒಂಬತ್ತು ಜನ ಇವರ ಆಸ್ಪತ್ರೆಗೆ ಬಂದರು. ಮೈಮೇಲೆ ನುಗ್ಗಿದರು, ಅದಕ್ಕೇ ಹೊಡೆದೆವು ಎಂದಿತು ಸರ್ಕಾರ. ವಾರದೊಳಗೆ ಆಸ್ಪತ್ರೆಯ ಫೈಲುಗಳು ಕಾಣೆ. ಫೈಲಿಗೇನು ಕಾಲು ಬರುತ್ತದೆಯೇ ಸ್ವಾಮಿ?

ಆಮೇಲೆ ಮನೆಗೆ ಹೊಳೆಯುವ ಬೂಟಿನ ಒಬ್ಬ ಬಂದ. ಮಾನವ ಹಕ್ಕುಗಳ ತನಿಖೆಯವನಂತೆ.

"ನೀವು ನೋಟ್‌ಬುಕ್ ಇಟ್ಟಿದ್ದೀರಂತೆ. ಅದನ್ನು ಯಾರ್ಯಾರು ನೋಡಿದ್ದಾರೆ?"

"ಅದರಲ್ಲಿರೋದು ಸಾರಿನಪುಡಿ ಮಾಡೋ ವಿಧಾನ. ಬೇಕಾ?" ಎಂದು ರಾಜಲಕ್ಷ್ಮಿ ಅವನನ್ನು ಸಾಗಹಾಕಿದರು.

ಗಂಡ ಪದ್ಮನಾಭ, ಬಟ್ಟೆ ಗಿರಣಿಯ ಕೆಮಿಸ್ಟ್, ಬೆವೆತುಹೋಗಿದ್ದರು. "ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡಿ ಎಂಟು ತಿಂಗಳಾಯ್ತು ಕಣೇ. ಸುಟ್ಹಾಕು ಅದನ್ನ."

ಮುಂದಿನ ವಾರ ಅಟ್ಲಾಂಟಾದಿಂದ ಹ್ಯಾರಿಯೆಟ್ ಎಂಬ ಕಪ್ಪು ವಕೀಲೆ ಬಂದರು. ಅವರೂ ತನಿಖೆಯವರೇ ಅಂತೆ. "ಇವಳೂ ಆ ಬೂಟಿನವನ ಕಡೆಯವಳೇ," ಎಂದು ಪದ್ಮನಾಭ ಕನ್ನಡದಲ್ಲಿ ಗೊಣಗಿದರು. ರಾಜಲಕ್ಷ್ಮಿಯವರಿಗೂ ಅದೇ ಅನುಮಾನ. ಕಾಫಿ ಕೊಟ್ಟರು, ನೋಟ್‌ಬುಕ್ ಕೊಡಲಿಲ್ಲ.

ಹ್ಯಾರಿಯೆಟ್ ನೋಟ್‌ಬುಕ್ಕಿನ ಸುದ್ದಿಯನ್ನೇ ಎತ್ತಲಿಲ್ಲ. "ಗುಂಡು ತಗುಲಿ ನಿಮ್ಮ ಆಸ್ಪತ್ರೆಗೆ ಬಂದಿದ್ದ ಹುಡುಗ ಲಿರಾಯ್ ಇನ್ನೂ ಕುಂಟುತ್ತಾನೆ ಡಾಕ್ಟರ್. ಸರಿಯಾಗಿ ನಡೆಯಲು ಆಗುತ್ತದೆಯೇ ಅವನಿಗೆ?"

"ಎಡ ಅಂಗಾಲು. ಟೈಮ್ ಹಿಡಿಯುತ್ತೆ," ಎಂದುಬಿಟ್ಟರು ರಾಜಲಕ್ಷ್ಮಿ.

ಅಂಗಾಲು! ಮೈಮೇಲೆ ನುಗ್ಗುವವನ ಅಂಗಾಲಿಗೆ ಗುಂಡು ಬೀಳುವುದು ಹೇಗೆ? ನೆಲಕ್ಕೆ ಬಿದ್ದು ತಪ್ಪಿಸಿಕೊಳ್ಳಲು ತೆವಳುವವನ ಅಂಗಾಲು ಅದು. ಬೂಟಿನವ ಕೇಳಿದ್ದು ನೋಟ್‌ಬುಕ್ಕನ್ನು, ಈಕೆ ಕೇಳಿದ್ದು ಹುಡುಗನ ಕಾಲನ್ನು. ರಾಜಲಕ್ಷ್ಮಿ ಎದ್ದು ಹೋಗಿ ಹೊಲಿಗೆ ಯಂತ್ರದ ಪೆಟ್ಟಿಗೆಯಿಂದ ನೋಟ್‌ಬುಕ್ ತಂದರು.

"ಕಾಪಿ ಮಾಡ್ಕೊಳ್ಳಲಿ. ನೀನು ಸೈನ್ ಮಾತ್ರ ಮಾಡ್ಬೇಡ," ಎಂದರು ಪದ್ಮನಾಭ.

"ಸೈನ್ ಇಲ್ಲದ ಸರ್ಟಿಫಿಕೇಟು ಕಡ್ಲೆಕಾಯಿ ಕಟ್ಟೋಕೆ ಸರಿ, ರೀ."

ಒಂಬತ್ತು ನಕಲಿಗೂ ಸಹಿ, ಡಿಗ್ರಿ, ತಾರೀಕು ಹಾಕಿದರು.

ಹ್ಯಾರಿಯೆಟ್ ಅವರ ತನಿಖೆಯ ವರದಿ ಅಚ್ಚಾಯಿತು. ಗುಂಡು ಹಾರಿಸಿದವರಲ್ಲಿ ಒಬ್ಬನೂ ಜೈಲು ಕಾಣಲಿಲ್ಲ. ರಾಜಲಕ್ಷ್ಮಿಯವರ ಗ್ರೀನ್ ಕಾರ್ಡ್ ಅರ್ಜಿ ಮಾತ್ರ ಇನ್ನೂ ಮೂರು ವರ್ಷ 'ಪರಿಶೀಲನೆ'ಯಲ್ಲಿ ಕೂತಿತು. ಅವರ ಜೊತೆಗೇ ಅರ್ಜಿ ಹಾಕಿದ ನಮ್ಮ ಡಾಕ್ಟರುಗಳು ಅಷ್ಟರಲ್ಲಿ ಮನೆ ಕೊಂಡಿದ್ದರು. ಕಾಕತಾಳೀಯವಂತೆ, ಇಲ್ಲಿನ ಕನ್ನಡಿಗರ ಯುಗಾದಿ ಊಟದಲ್ಲಿ ಒಬ್ಬಟ್ಟು ಮುರಿಯುತ್ತ ಆ ಡಾಕ್ಟರುಗಳೇ ಹೇಳಿದರು. ನಾನು ನಂಬುವುದಿಲ್ಲ. ನಿಮಗೇನನ್ನಿಸುತ್ತದೆ ಎಂದು ರಾಜಲಕ್ಷ್ಮಿಯವರನ್ನೇ ಕೇಳಿದೆ.

"ಅದನ್ನ ನಾನು ಕಣ್ಣಾರೆ ನೋಡ್ಲಿಲ್ಲವಲ್ಲ," ಎಂದರು. "ನೋಡಿದ್ದಕ್ಕೆ ಮಾತ್ರ ಸೈನ್ ಮಾಡ್ತೀನಿ."