ಏಕಾದಶಿಯ ದಿನ ಮುಗಿಯದ ಟೆನ್ನಿಸ್

ತೋರಣಗಲ್ಲಿನಲ್ಲಿ ಅವತ್ತು ನನ್ನ ಮೊಮ್ಮಗಳ ಟೆನ್ನಿಸ್ ಪಂದ್ಯವಿತ್ತು. ಗೆದ್ದರೆ ರಾಜ್ಯದ ತಂಡ. ಅವಳಿಗೆ ಹದಿನಾಲ್ಕು ವರ್ಷ. ಅದೇ ದಿನ ಏಕಾದಶಿ ಬಂದಿತ್ತು. ಏಕಾದಶಿಯೆಂದರೆ ನಾನು ನೀರೂ ಮುಟ್ಟುವುದಿಲ್ಲ. ಹೊಸಪೇಟೆಯಲ್ಲಿ ಬಸ್ಸು ಹತ್ತುವಾಗ ಅವಳೂ ಹಟ ಹಿಡಿದಳು.

“ಇಬ್ಬರೂ ಉಪವಾಸ ಇದ್ರ ದೇವರು ಗೆಲ್ಲಸ್ತಾನ. ನೀ ಮುರಿಯೂತನಕ ನಾ ಮುರಿಯಂಗಿಲ್ಲ ಅಜ್ಜಿ.”

“ಲೇ, ನಾ ಕುಂದ್ರಾಕಿ, ನೀ ಓಡಾಕಿ. ತಿಂದು ಆಡು.”

ಕೇಳಲಿಲ್ಲ. ಹಟ ನಮ್ಮ ವಂಶದ್ದೇ.

ಆಟ ಬೆಳಿಗ್ಗೆ ಶುರುವಾಯಿತು. ಅದರ ಲೆಕ್ಕ ನನಗೆ ತಿಳಿಯದು. ಇಬ್ಬರೂ ಸಮ ಅನ್ನುತ್ತಾರೆ, ಒಬ್ಬಳು ಮುಂದೆ ಅನ್ನುತ್ತಾರೆ, ಮತ್ತೆ ಸಮ. ಅಲ್ಲಿನ ಉಕ್ಕಿನ ಕಾರ್ಖಾನೆಯ ಮಧ್ಯಾಹ್ನದ ಶಿಫ್ಟಿನ ಬಸ್ಸುಗಳು ಬಂದು ಹೋದವು, ಇವರದು ಮುಗಿಯಲಿಲ್ಲ. ಹುಡುಗಿಯ ತುಟಿ ಬಿಳಿಚಿಕೊಂಡಿತ್ತು. ಒಮ್ಮೆ ಕಾಲು ಹಿಡಿದುಕೊಂಡು ಕುಂಟಿದಳು. ನಾನು ಎದ್ದು ನಿಂತು “ನೀರು ಕುಡಿಯೇ!” ಎಂದು ಕೂಗಿದೆ. ಎತ್ತರದ ಕುರ್ಚಿಯಲ್ಲಿದ್ದ ಅಂಪೈರ್ ನನ್ನತ್ತ ಬೆರಳು ತೋರಿಸಿದ.

ಪಕ್ಕದಲ್ಲಿ ಕೂತವಳು ಎದುರಾಳಿ ಹುಡುಗಿಯ ತಾಯಿ. “ಮಾತಾಡಬ್ಯಾಡ್ರಿ ಅಮ್ಮಾ. ಇನ್ನೊಮ್ಮೆ ಕೂಗಿದ್ರ ನಿಮ್ಮ ಹುಡುಗೀದು ಪಾಯಿಂಟ್ ಕಟ್ ಮಾಡ್ತಾರ.”

“ನಿಮಗ ಛಲೋನ ಆತಲ್ಲ.”

“ಹಂಗ ಗೆದ್ದು ಏನ್ ಮಾಡೋದೈತ್ರಿ?”

ಒಳ್ಳೆಯವಳೇ. ಅವಳ ಚೀಲದಲ್ಲಿ ಬಾಳೆಹಣ್ಣು ಕಾಣುತ್ತಿತ್ತು. ಒಂದು ಕೇಳಿ ತೆಗೆದುಕೊಂಡೆ.

ಆಡುವವರು ಬದಿ ಬದಲಿಸುವಾಗ ಸ್ವಲ್ಪ ಹೊತ್ತು ಕೂರುತ್ತಾರೆ. ಮೊಮ್ಮಗಳು ನನ್ನೆದುರಿನ ಬೆಂಚಿಗೆ ಬಂದು ಕೂತಳು. ಅವಳು ತಲೆಯೆತ್ತುವ ತನಕ ಕಾದು, ಸಿಪ್ಪೆ ಸುಲಿದು ಹಣ್ಣನ್ನು ಬಾಯಿಗಿಟ್ಟೆ. ಮದುವೆಯಾದಾಗಿನಿಂದ ತಪ್ಪದ ಏಕಾದಶಿ ಹೋಯಿತು. ಹಣ್ಣು ಚೆನ್ನಾಗಿಯೇ ಇತ್ತು.

ಸುಟ್ಟುಬಿಡುವವಳಂತೆ ನೋಡಿದಳು. ಆಮೇಲೆ ಬಾಟಲಿ ಎತ್ತಿ ಪೂರ್ತಿ ಕುಡಿದಳು.

ಆಟ ಮತ್ತೂ ನಡೆಯಿತು. ಕೊನೆಗೆ ಸೋತಳು.

ಬಸ್ ಸ್ಟ್ಯಾಂಡಿನಲ್ಲಿ ಬಾಯಿಬಿಟ್ಟಳು. “ನೀ ತಿಂದಿದ್ದಕ್ಕ ನಾ ಸೋತೆ.”

“ತಿನ್ನದಿದ್ರ ಅಲ್ಲೇ ಬೀಳ್ತಿದ್ದಿ.”

“ಬೀಳ್ತಿದ್ದೆ. ಸೋಲ್ತಿರಲಿಲ್ಲ.”

ದೇವರ ಮೇಲೆ ಅಷ್ಟು ನಂಬಿಕೆ ಕಲಿಸಿದವಳು ನಾನೇ. ಬಸ್ಸಿನಲ್ಲಿ ಅವಳ ಕಾಲು ಮತ್ತೆ ಸೆಟೆದುಕೊಂಡಿತು. ಒತ್ತಲು ಕೈ ಚಾಚಿದೆ. ಕೈ ಸರಿಸಿ, ಹಲ್ಲು ಕಚ್ಚಿ ತಾನೇ ಒತ್ತಿಕೊಂಡಳು.